ಹಾಡಿನ ಲಾಭ, ಹಾಡುವ ಹುಕಿ

ಹಕ್ಕಿ ಯಾಕೆ ಹಾಡುತ್ತದೆ ಎಂದು ಕೇಳಿದರೆ ಇವತ್ತು ಓದಿಕೊಂಡವರ ಬಾಯಲ್ಲಿ ಒಂದು ಸಿದ್ಧ ಉತ್ತರವಿದೆ. ಹಾಡುವುದು ಗಂಡು. ಅದು ಹಾಡುವುದು ಎರಡೇ ಕೆಲಸಕ್ಕೆ: ಹೆಣ್ಣನ್ನು ಒಲಿಸಿಕೊಳ್ಳಲು, ಇಲ್ಲವೇ ಉಳಿದ ಗಂಡುಗಳನ್ನು ತನ್ನ ಜಾಗದಿಂದ ಆಚೆ ಇಡಲು. ಖುಷಿಗೆ ಹಾಡುತ್ತದೆ ಎನ್ನುವುದೇನಿದ್ದರೂ ಕವಿಗಳ ಮಾತು. ಮನುಷ್ಯ ತನ್ನ ಭಾವನೆಯನ್ನು ಹಕ್ಕಿಯ ಕೊರಳಿಗೆ ಕಟ್ಟಿದ್ದು. ಬೆಳಗಿನ ವಾಕಿಂಗಿನಲ್ಲಿ ಯಾರಾದರೂ 'ಎಷ್ಟು ಖುಷಿಯಾಗಿ ಹಾಡ್ತಿದೆ ನೋಡಿ' ಎಂದರೆ, ಪಕ್ಕದಲ್ಲಿ ಒಂದಷ್ಟು ವಿಜ್ಞಾನ ಓದಿದವರಿದ್ದರೆ ತಿದ್ದಿಯೇ ತಿದ್ದುತ್ತಾರೆ. ಈ ತಿದ್ದುಪಡಿಯಲ್ಲಿ ಎರಡು ದೋಷಗಳಿವೆ ಎಂಬುದು ನನ್ನ ವಾದ. ಒಂದು, ಅದು ಸಂಗತಿಗಳನ್ನು ಅರ್ಧ ಮಾತ್ರ ಹೇಳುತ್ತದೆ. ಇನ್ನೊಂದು, ಮತ್ತು ಇದೇ ದೊಡ್ಡದು, ಅದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿ, ಒಂದರ ಉತ್ತರವನ್ನು ಹಿಡಿದುಕೊಂಡು ಇನ್ನೊಂದನ್ನು ಹೊಡೆದುಹಾಕುತ್ತದೆ. ಇದನ್ನು ಪರೀಕ್ಷಿಸಲು ಸ್ಟಾರ್ಲಿಂಗ್‌ನಷ್ಟು ಒಳ್ಳೆಯ ಹಕ್ಕಿ ಸಿಗುವುದು ಕಷ್ಟ.

ಮೊದಲು ಆ ಸಿದ್ಧ ಉತ್ತರಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಅದು ಗಾಳಿಮಾತಲ್ಲ. 1920ರಲ್ಲಿ ಇಂಗ್ಲೆಂಡಿನ ಎಲಿಯಟ್ ಹೊವಾರ್ಡ್ ಹಕ್ಕಿಗಳ ಬದುಕಿನಲ್ಲಿ ಗಡಿ ಎಂಬುದರ ಸ್ಥಾನವೇನು ಎಂದು ಒಂದು ಇಡೀ ಪುಸ್ತಕ ಬರೆದ ಮೇಲೆ, ಹಾಡನ್ನು ಜಾಗದ ಹಕ್ಕಿನೊಂದಿಗೆ ಜೋಡಿಸಿ ನೋಡುವುದು ರೂಢಿಯಾಯಿತು. 1970ರ ದಶಕದಲ್ಲಿ ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಜಾನ್ ಕ್ರೆಬ್ಸ್ ಇದನ್ನು ಒರೆಗೆ ಹಚ್ಚಿದರು. ಗ್ರೇಟ್ ಟಿಟ್ ಹಕ್ಕಿಗಳನ್ನು ಅವುಗಳ ಜಾಗದಿಂದ ಹಿಡಿದು ತೆಗೆದು, ಕೆಲವು ಜಾಗಗಳಲ್ಲಿ ಧ್ವನಿವರ್ಧಕದಿಂದ ಅದೇ ಜಾತಿಯ ಹಾಡು ಕೇಳಿಸಿದರು, ಕೆಲವು ಜಾಗಗಳಲ್ಲಿ ಬರೀ ಪೀಪಿಯ ಸದ್ದು, ಉಳಿದ ಕಡೆ ಮೌನ. ಹಾಡು ಕೇಳಿಸುತ್ತಿದ್ದ ಜಾಗಕ್ಕೆ ಹೊಸ ಗಂಡುಗಳು ತಡವಾಗಿ ಬಂದವು. ಉಳಿದ ಜಾಗಗಳು ಬೇಗ ಭರ್ತಿಯಾದವು. ಹಾಡುವ ಹಕ್ಕಿಯೇ ಇಲ್ಲದೆ ಬರೀ ಹಾಡು ಕಾವಲು ಕಾಯಿತು. ಸ್ಟಾರ್ಲಿಂಗ್ ವಿಷಯದಲ್ಲೂ ಒಲಿಸುವ ವಾದಕ್ಕೆ ಗಟ್ಟಿ ಆಧಾರವಿದೆ. ಬೆಲ್ಜಿಯಮ್ಮಿನ ಮಾರ್ಸೆಲ್ ಈನ್ಸ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಮಾಡಿದ ಅಧ್ಯಯನಗಳಲ್ಲಿ, ಹೆಚ್ಚು ಬಗೆಯ ತುಣುಕುಗಳನ್ನು ಬಲ್ಲ ಗಂಡುಗಳಿಗೆ ಬೇಗ ಜೊತೆ ಸಿಕ್ಕಿತು. ಉದ್ದುದ್ದ ಹಾಡಿದವನತ್ತ ಹೆಣ್ಣುಗಳು ಹೆಚ್ಚು ವಾಲಿದವು. ಇವನ್ನೆಲ್ಲ ನಾನು ಅಲ್ಲಗಳೆಯುತ್ತಿಲ್ಲ. ನನ್ನ ತಕರಾರು ಇರುವುದು 'ಎರಡೇ ಕೆಲಸಕ್ಕೆ' ಎಂಬಲ್ಲಿನ 'ಏ' ಮೇಲೆ, ಆಮೇಲೆ 'ಖುಷಿಗಲ್ಲ' ಎಂಬ ಬಾಲದ ಮೇಲೆ.

ಸ್ಟಾರ್ಲಿಂಗ್ ನಮಗೆ ತೀರ ಪರಕೀಯ ಹಕ್ಕಿಯಲ್ಲ. ನಮ್ಮ ಗೊರವಂಕ, ಕಬ್ಬಕ್ಕಿಗಳ ಕುಟುಂಬದ್ದೇ. ಯುರೋಪಿನ ಸಾಮಾನ್ಯ ಸ್ಟಾರ್ಲಿಂಗ್ ಚಳಿಗಾಲದಲ್ಲಿ ಉತ್ತರ ಭಾರತದವರೆಗೆ ಬರುತ್ತದೆ. ಕರ್ನಾಟಕದಲ್ಲಿ ಕಾಣಸಿಗುವುದು ಅಪರೂಪ. ಗೊರವಂಕ ಎದೆಯುಬ್ಬಿಸಿ ತಲೆ ಬಗ್ಗಿಸಿ ಬಗ್ಗಿಸಿ ಗೊರಗುಟ್ಟುವುದನ್ನು, ನಡುನಡುವೆ ಸಿಳ್ಳೆ ಹಾಕುವುದನ್ನು ಕೇಳಿದವರಿಗೆ ಸ್ಟಾರ್ಲಿಂಗ್ ಹಾಡಿನ ಅಂದಾಜು ಸಿಕ್ಕೀತು, ಆದರೆ ಅದು ಇದಕ್ಕಿಂತ ಬಹಳ ಉದ್ದ, ಬಹಳ ಗೋಜಲು. ಗಂಡು ಗೂಡಿನ ಪೊಟರೆಯ ಪಕ್ಕ ಕೂತು ಗಂಟಲ ಕೆಳಗಿನ ಚೂಪು ಗರಿಗಳನ್ನು ಗಡ್ಡದಂತೆ ನಿಗುರಿಸುತ್ತದೆ. ಮೊದಲು ಎರಡು ಮೂರು ಜಾರುವ ಸಿಳ್ಳೆ. ಆಮೇಲೆ ಗೊಣಗಾಟದಂಥ ಭಾಗ. ಒಂದೊಂದು ತುಣುಕನ್ನೂ ಎರಡು ಮೂರು ಸಲ ಹೇಳಿ ಮುಂದಿನದಕ್ಕೆ ಹೋಗುತ್ತದೆ. ಬೇರೆ ಹಕ್ಕಿಗಳ ಕೂಗು, ಕುರಿಯ ಅರಚು, ಫೋನಿನ ಗಂಟೆ, ಕಾರಿನ ಅಲಾರಂ ಇವೆಲ್ಲ ನುಸುಳುವುದು ಇಲ್ಲಿಯೇ. ಅದಾದ ಮೇಲೆ ಎಣಿಸಲಾಗದ ವೇಗದ ಕಟಕಟ ಸದ್ದು. ಕೊನೆಗೆ ಕಿವಿಗೆ ಚುಚ್ಚುವ ಮೇಲ್ದನಿಯ ಕೀರಲು. ಆ ಹೊತ್ತಿಗೆ ರೆಕ್ಕೆಗಳನ್ನು ಮೈಗೆ ತಾಗಿಯೂ ತಾಗದಂತೆ ಬೀಸಲು ತೊಡಗಿರುತ್ತದೆ. ಈ ನಾಲ್ಕು ಹಂತಗಳ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ, ಇಡೀ ಹಾಡು ಹೆಚ್ಚುಕಡಿಮೆ ಒಂದು ನಿಮಿಷ. ಹಕ್ಕಿಯ ಧ್ವನಿಪೆಟ್ಟಿಗೆ ಇರುವುದು ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ. ಅದರ ಎರಡು ಪಕ್ಕಗಳೂ ಬೇರೆ ಬೇರೆಯಾಗಿ ಸದ್ದು ಮಾಡಬಲ್ಲವು. ಒಂದೇ ಹಕ್ಕಿಯೊಳಗೆ ಇಬ್ಬರು ಹಾಡುತ್ತಿದ್ದಾರೆ ಎಂದು ಆಗಾಗ ಅನಿಸುವುದು ಅದಕ್ಕೇ.

ಈಗ ಗಡಿಯ ವಾದವನ್ನು ಈ ಹಕ್ಕಿಗೆ ಹಚ್ಚಿ ನೋಡಿ. ಸ್ಟಾರ್ಲಿಂಗ್ ಕಾಯುವುದು ಗೂಡಿನ ಪೊಟರೆಯನ್ನು ಮತ್ತು ಅದರ ಆಸುಪಾಸಿನ ಒಂದಿಷ್ಟು ಜಾಗವನ್ನು. ಮೇಯುವುದು ಹಿಂಡಿನಲ್ಲಿ, ರಾತ್ರಿ ಕೂರುವುದು ದೊಡ್ಡ ಹಿಂಡಿನಲ್ಲಿ. ಗ್ರೇಟ್ ಟಿಟ್ ಕಾಡಿನ ಒಂದು ತುಂಡನ್ನೇ ತನ್ನದೆಂದು ಸಾರುವಂತೆ ಇದು ಯಾವ ಹೊಲವನ್ನೂ ಸಾರುವುದಿಲ್ಲ. ಗೂಡುಪೆಟ್ಟಿಗೆಗಳ ಬಳಿ ಸ್ಟಾರ್ಲಿಂಗ್ ಹಾಡನ್ನು ಧ್ವನಿವರ್ಧಕದಲ್ಲಿ ಕೇಳಿಸಿದ ಪ್ರಯೋಗವೊಂದರಲ್ಲಿ ಹೆಣ್ಣುಗಳಷ್ಟೇ ಅಲ್ಲ, ಗಂಡುಗಳೂ ಹಾಡು ಕೇಳಿ ಹತ್ತಿರ ಬಂದವು. ದೂರ ಅಟ್ಟಬೇಕಾದ ಸದ್ದು ಹತ್ತಿರ ಎಳೆಯಿತು ಎಂದಾದರೆ, ಅದನ್ನು ಬರೀ ಬೇಲಿ ಎನ್ನಲಾಗದು. ಗಡಿಯ ಸಿದ್ಧಾಂತ ಸುಳ್ಳೆಂದು ಇದರ ಅರ್ಥವಲ್ಲ. ಒಂದು ಜಾತಿಯಲ್ಲಿ ಕಂಡದ್ದನ್ನು ಎಲ್ಲ ಹಕ್ಕಿಗಳಿಗೂ ಹಂಚಿಬಿಟ್ಟಿದ್ದೇವೆ ಎಂದಷ್ಟೇ.

ಕಾಲದ ವಿಷಯಕ್ಕೆ ಬಂದರೆ ಬಿರುಕು ಇನ್ನೂ ಅಗಲ. ಯುರೋಪ್, ಅಮೆರಿಕಗಳಲ್ಲಿ ಸ್ಟಾರ್ಲಿಂಗ್ ಗೂಡು ಕಟ್ಟುವುದು ವಸಂತದಲ್ಲಿ. ಶರತ್ಕಾಲದ ಹೊತ್ತಿಗೆ ಗಂಡಿನ ವೃಷಣಗಳು ಕುಗ್ಗಿ ಸಣ್ಣ ಕಾಳಿನಷ್ಟಾಗಿರುತ್ತವೆ, ರಕ್ತದಲ್ಲಿ ಟೆಸ್ಟೊಸ್ಟೆರಾನ್ ತಳ ಸೇರಿರುತ್ತದೆ, ಹೆಣ್ಣಿನ ಕಡೆ ಲಕ್ಷ್ಯವಿರುವುದಿಲ್ಲ. ಆಗಲೂ ಸ್ಟಾರ್ಲಿಂಗ್ ಹಾಡುತ್ತದೆ, ಹಿಂಡಿನ ನಡುವೆ ಕೂತು, ಯಾರನ್ನೂ ಉದ್ದೇಶಿಸದೆ, ತಾಸುಗಟ್ಟಲೆ. ಕೆಲವು ಗಂಡುಗಳು ಆ ಕಾಲದಲ್ಲೂ ಹಳೆಯ ಪೊಟರೆಯ ಹತ್ತಿರ ಸುಳಿಯುವುದುಂಟು, ಅವುಗಳನ್ನು ಬೇಕಾದರೆ ಗಡಿಯ ಲೆಕ್ಕಕ್ಕೆ ಬರೆದುಕೊಳ್ಳಿ. ಆದರೆ ಹಿಂಡಿನೊಳಗಿನ ಹಾಡುಗಾರನ ವರ್ತನೆಯೇ ಬೇರೆ. ಅದು ರೆಕ್ಕೆ ಬೀಸುವುದಿಲ್ಲ, ಪೊಟರೆಯತ್ತ ನೋಡುವುದಿಲ್ಲ. ಅದು ಹಾಡಿದ್ದಕ್ಕೆ ಪಕ್ಕದ ಹಕ್ಕಿ ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಹಾಡಿನಿಂದ ಕೂಡಲೇ ಕೈಗೆ ಹತ್ತುವ ಫಲ ಯಾವುದೂ ಕಾಣದು. ಇದರ ನೆಂಟ ಗುಲಾಬಿ ಕಬ್ಬಕ್ಕಿ ನಮ್ಮ ಬಯಲುಸೀಮೆಯ ಬಿಳಿಜೋಳದ ಹೊಲಗಳಿಗೆ, ಹೂಬಿಟ್ಟ ಬೂರುಗದ ಮರಗಳಿಗೆ ಹಿಂಡುಗಟ್ಟಿ ಬರುವುದನ್ನು ಉತ್ತರ ಕರ್ನಾಟಕದವರು ಬಲ್ಲರು. ಅದು ಮರಿ ಮಾಡುವುದು ಮಧ್ಯ ಏಷ್ಯಾದ ಕಡೆ; ಇಲ್ಲಿ ಒಂದು ಗೂಡನ್ನೂ ಕಟ್ಟುವುದಿಲ್ಲ. ಆದರೂ ಸಂಜೆ ಮರ ಸೇರಿದ ಮೇಲೆ ಆ ಹಿಂಡು ಎಬ್ಬಿಸುವ ಗದ್ದಲ ಇಡೀ ಬೀದಿಗೆ ಕೇಳಿಸುತ್ತದೆ. ಅದರಲ್ಲಿ ಹಾಡೆಷ್ಟು ಹರಟೆಯೆಷ್ಟು ಎಂದು ಬಿಡಿಸುವುದು ಕಷ್ಟ, ಒಲಿಸುವ ಕಾಲವಂತೂ ಅದಲ್ಲ.

'ಹಾಡುವುದು ಗಂಡು' ಎಂಬ ಮಾತಿಗೂ ಇದೇ ಗತಿ. ಹೆಣ್ಣು ಸ್ಟಾರ್ಲಿಂಗ್ ಹಾಡುತ್ತದೆ. ಗಂಡಿನಷ್ಟು ಹೆಚ್ಚಲ್ಲ, ಹಾಡನ್ನು ನಡೆಸುವ ಮೆದುಳಿನ ಭಾಗ ಅದರಲ್ಲಿ ಚಿಕ್ಕದು, ಆದರೆ ಹಾಡುವುದು ನಿಜವಾದ ಹಾಡನ್ನೇ. 2014ರಲ್ಲಿ ಕರನ್ ಓಡಮ್ ಮತ್ತು ಸಂಗಡಿಗರು ಹಾಡುಹಕ್ಕಿಗಳ ವಂಶವೃಕ್ಷವನ್ನೇ ಜಾಲಾಡಿದರು. ಮಾಹಿತಿ ಸಿಕ್ಕಿದ 323 ಜಾತಿಗಳಲ್ಲಿ ಶೇಕಡಾ 71ರಲ್ಲಿ ಹೆಣ್ಣುಗಳೂ ಹಾಡುತ್ತಿದ್ದವು; ಹಾಡುಹಕ್ಕಿಗಳ ಪೂರ್ವಜರಲ್ಲಿಯೇ ಹೆಣ್ಣಿನ ಹಾಡು ಇದ್ದಿರಬೇಕು, ಆಮೇಲೆ ಕೆಲವು ಕವಲುಗಳಲ್ಲಿ ಅದು ಕಳೆದುಹೋಯಿತು ಎಂದು ಅವರ ತೀರ್ಮಾನ. ಹಾಗಾದರೆ ಗಂಡು ಮಾತ್ರ ಹಾಡುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಹಕ್ಕಿಯ ಹಾಡಿನ ಅಧ್ಯಯನ ಬೆಳೆದದ್ದು ಹೆಚ್ಚಾಗಿ ಬ್ರಿಟನ್, ಉತ್ತರ ಅಮೆರಿಕಗಳ ತಣ್ಣನೆಯ ನಾಡುಗಳಲ್ಲಿ. ಅಲ್ಲಿಯ ಹಲವು ಹಕ್ಕಿಗಳಲ್ಲಿ ಹೆಣ್ಣು ಹಾಡುವುದು ಕಡಿಮೆ. ಸ್ಥಳೀಯ ಸಂಗತಿಯೊಂದು ಪಠ್ಯಪುಸ್ತಕಕ್ಕೆ ಹತ್ತಿ ಲೋಕನಿಯಮವಾಯಿತು. ಉಷ್ಣವಲಯದ ಹಕ್ಕಿಗಳ ನಡುವೆ ಬದುಕುವ ನಾವು ಅದನ್ನು ಪ್ರಶ್ನಿಸದೆ ಉರುಹೊಡೆದದ್ದು ಸೋಜಿಗ.

ಸಿದ್ಧ ಉತ್ತರದ ಕಡೆಯವರು ಇಷ್ಟಕ್ಕೇ ಸೋಲೊಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಸರಿ, ಪಟ್ಟಿ ಉದ್ದ ಮಾಡೋಣ ಎನ್ನಬಹುದು: ಶರತ್ಕಾಲದ ಹಾಡು ಹಿಂಡನ್ನು ಒಗ್ಗೂಡಿಸಲು, ಹೆಣ್ಣಿನ ಹಾಡು ಹೆಣ್ಣುಗಳ ನಡುವಿನ ಪೈಪೋಟಿಗೆ. ಈ ಊಹೆಗಳು ನಿಜವೂ ಇರಬಹುದು. ಫ್ರಾನ್ಸಿನ ಮಾರ್ಟೀನ್ ಹೌಸ್‌ಬರ್ಜರ್ ಸಾಕಿದ ಹಿಂಡುಗಳಲ್ಲಿ ಗಮನಿಸಿದಂತೆ, ಒಡನಾಟವಿರುವ ಸ್ಟಾರ್ಲಿಂಗ್‌ಗಳು ಹಾಡಿನ ತುಣುಕುಗಳನ್ನು ಹಂಚಿಕೊಳ್ಳುತ್ತವೆ. ಯಾರ ಹಾಡು ಯಾರದಕ್ಕೆ ಹೋಲುತ್ತದೆ ಎಂದು ನೋಡಿದರೆ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ತಿಳಿಯುತ್ತದೆ. ಆದರೆ ಪಟ್ಟಿ ಎಷ್ಟೇ ಉದ್ದವಾಗಲಿ, ಅದರಲ್ಲಿರುವ ಎಲ್ಲ ಉತ್ತರಗಳೂ ಒಂದೇ ಪ್ರಶ್ನೆಗೆ ಸೇರಿದವು: ಹಾಡುವುದರಿಂದ ಹಕ್ಕಿಯ ಸಂತತಿಗೆ ಆದ ಲಾಭವೇನು? ಈ ಗಳಿಗೆಯಲ್ಲಿ, ಈ ಕೊಂಬೆಯ ಮೇಲೆ, ಈ ಹಕ್ಕಿಯನ್ನು ಹಾಡಲು ಹಚ್ಚುತ್ತಿರುವುದು ಏನು ಎಂಬುದು ಬೇರೆಯೇ ಪ್ರಶ್ನೆ. ನಿಕೊ ಟಿನ್ಬರ್ಗನ್ 1963ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಯಾವುದೇ ವರ್ತನೆಯ ಬಗ್ಗೆ 'ಯಾಕೆ' ಎಂದು ನಾಲ್ಕು ರೀತಿಯಲ್ಲಿ ಕೇಳಬಹುದು: ಉಳಿವಿಗೆ ಅದರ ಉಪಯೋಗವೇನು, ಅದನ್ನು ಹೊರಡಿಸುವ ತಕ್ಷಣದ ಕಾರಣವೇನು, ಒಂದು ಜೀವಿಯ ಆಯುಷ್ಯದಲ್ಲಿ ಅದು ಹೇಗೆ ಬೆಳೆಯುತ್ತದೆ, ವಂಶದ ಚರಿತ್ರೆಯಲ್ಲಿ ಹೇಗೆ ಬಂತು. ನಾಲ್ಕಕ್ಕೂ ಉತ್ತರ ಬೇಕು. ಒಂದರ ಉತ್ತರ ಇನ್ನೊಂದನ್ನು ಅನಗತ್ಯಗೊಳಿಸುವುದಿಲ್ಲ.

ಹಬ್ಬದ ದಿನ ಹೋಳಿಗೆಗೆ ಕೈ ಹಾಕುವವನನ್ನು ಹಿಡಿದು, 'ನೀನು ರುಚಿಗೆ ತಿನ್ನುತ್ತಿಲ್ಲ, ದೇಹಕ್ಕೆ ಸಕ್ಕರೆ ಬೇಕಾಗಿ ತಿನ್ನುತ್ತಿದ್ದೀಯ' ಎಂದರೆ ಅವನು ನಕ್ಕಾನು. ಸಿಹಿ ರುಚಿಸುವ ನಾಲಿಗೆ ನಮ್ಮಲ್ಲಿ ಉಳಿದುಬಂದದ್ದು ಸಿಹಿಯಿಂದ ಶಕ್ತಿ ಸಿಗುತ್ತಿದ್ದುದರಿಂದ, ನಿಜ. ಆದರೆ ಅದು ಉಳಿದುಬಂದದ್ದು ರುಚಿಯ ಮೂಲಕವೇ. ಲಾಭವು ಹಿತವನ್ನು ಸಾಧನವಾಗಿ ಬಳಸಿಕೊಂಡಿದೆ. ಲಾಭ ಇದೆಯೆಂದು ಹಿತವನ್ನು ತಳ್ಳಿಹಾಕಿದರೆ ಲಾಭ ನಡೆಯುವ ದಾರಿಯೇ ಮುಚ್ಚಿಹೋಗುತ್ತದೆ. ಹಕ್ಕಿಗೆ ತನ್ನ ಸಂತತಿಯ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಈಗ ಹಾಡಬೇಕೆನಿಸುವುದು, ಹಾಡಿದರೆ ಹಿತವೆನಿಸುವುದು, ಇಷ್ಟೇ. ಲೈಂಗಿಕ ಆಯ್ಕೆಯ ಸಿದ್ಧಾಂತವನ್ನು ಕಟ್ಟಿದ ಡಾರ್ವಿನ್ನರೇ 1871ರ ತಮ್ಮ ಪುಸ್ತಕದಲ್ಲಿ, ಹೆಣ್ಣನ್ನು ಒಲಿಸುವ ಕಾಲ ಮುಗಿದ ಮೇಲೂ ಹಕ್ಕಿಗಳು ತಮ್ಮ ವಿನೋದಕ್ಕೆ ಹಾಡುವುದರಲ್ಲಿ ಅಚ್ಚರಿಯೇನಿಲ್ಲ ಎಂದಿದ್ದರು. ಬೇರೆ ಹೊತ್ತಿನಲ್ಲಿ ನಿಜವಾದ ಉಪಯೋಗಕ್ಕೆ ಬರುವ ಕೆಲಸವನ್ನು ಪ್ರಾಣಿಗಳು ಸುಮ್ಮನೆ ಮಾಡಿ ಸುಖಿಸುವುದು ಅವರಿಗೆ ತೀರ ಸಹಜವಾಗಿ ಕಂಡಿತ್ತು. ಅವರ ಹೆಸರಿನಲ್ಲಿ ಖುಷಿಯನ್ನು ಗಡೀಪಾರು ಮಾಡಿದ್ದು ಅವರಿಗಿಂತ ಕಟ್ಟುನಿಟ್ಟಾಗಲು ಹೊರಟ ಆಮೇಲಿನವರು.

ಇದಿಷ್ಟು ತರ್ಕ. ಸಾಕ್ಷ್ಯ ಬಂದದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾರೆನ್ ರೈಟರ್ಸ್ ಅವರ ಪ್ರಯೋಗಾಲಯದಿಂದ. ಹಕ್ಕಿಗೆ ಹಿತವಾಯಿತೇ ಎಂದು ಕೇಳುವ ದಾರಿ ಇಲ್ಲವಲ್ಲ; ಅವರು ಇಲಿಗಳ ಮೇಲೆ ಔಷಧ ಪರೀಕ್ಷಿಸುವವರ ಹಳೆಯ ಉಪಾಯವೊಂದನ್ನು ಎರವಲು ತಂದರು. ಸ್ಟಾರ್ಲಿಂಗ್ ತನ್ನ ಹಿಂಡಿನ ಜೊತೆ ಇಷ್ಟಬಂದಷ್ಟು ಹಾಡಿಕೊಳ್ಳಲಿ, ಅಥವಾ ಹಾಡದೆ ಇರಲಿ. ಅದಾದ ತಕ್ಷಣ ಅದನ್ನು ಒಂದು ನಿರ್ದಿಷ್ಟ ಬಣ್ಣದ ಗೂಡಿನೊಳಗೆ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೊಂದು ದಿನ ಎರಡು ಬಣ್ಣದ ಎರಡು ಕೋಣೆಗಳಿರುವ ಗೂಡನ್ನು ತೆರೆದಿಟ್ಟು, ಅದು ಎಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ ಎಂದು ನೋಡಬೇಕು. ಹಿಂದಿನ ಅನುಭವ ಹಿತವಾಗಿದ್ದರೆ ಆ ಬಣ್ಣಕ್ಕೆ ಅದರ ನಂಟು ಅಂಟಿರುತ್ತದೆ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಾರನ್ನೂ ಉದ್ದೇಶಿಸದೆ ಹೆಚ್ಚು ಹಾಡಿದ ಹಕ್ಕಿಗಳು ಹಾಡಿಗೆ ನಂಟಾದ ಕೋಣೆಯಲ್ಲಿ ಹೆಚ್ಚು ಹೊತ್ತು ನಿಂತವು. ಹೆಣ್ಣಿಗಾಗಿ ಹಾಡಿದ ಹಾಡಿನಲ್ಲಿ ಈ ನಂಟು ಕಾಣಲಿಲ್ಲ. ಇದು ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ: ಒಲಿಸುವ ಹಾಡಿನ ಪ್ರತಿಫಲ ಹೆಣ್ಣಿನ ಪ್ರತಿಕ್ರಿಯೆಯಲ್ಲಿದೆ, ಅಂದರೆ ಹಾಡಿನ ಹೊರಗಿದೆ, ಸುಮ್ಮನೆ ಹಾಡುವ ಹಾಡಿನ ಪ್ರತಿಫಲ ಹಾಡುವುದರೊಳಗೇ ಇದ್ದಂತಿದೆ. ಅದೇ ಪ್ರಯೋಗಾಲಯದವರು ಹಕ್ಕಿಯ ಕಾಲನ್ನು ಬಿಸಿನೀರಿಗೆ ತಾಗಿಸಿ, ಎಷ್ಟು ಹೊತ್ತಿಗೆ ಹಿಂದೆಳೆದುಕೊಳ್ಳುತ್ತದೆ ಎಂದು ಅಳೆದರು. ಹಿಂಡಿನಲ್ಲಿ ಹೆಚ್ಚು ಹಾಡಿದವು ಕಾಲೆಳೆದುಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಂಡವು, ಅಂದರೆ ನೋವಿನ ಅರಿವು ತಗ್ಗಿತ್ತು. ನೋವು ತಗ್ಗಿಸಿ ಹಿತ ಕೊಡುವ, ಅಫೀಮಿನ ಗುಣದ ರಾಸಾಯನಿಕಗಳನ್ನು ಮೆದುಳೇ ತಯಾರಿಸಿಕೊಳ್ಳುತ್ತದೆ. ಗುಮಾನಿ ಅವುಗಳ ಮೇಲೆ ಬಿತ್ತು.

ಇದರ ವಿರುದ್ಧ ಎತ್ತಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಮೂರನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

1. ಶರತ್ಕಾಲದ ಹಾಡು ಬರೀ ತಾಲೀಮು. ಸ್ಟಾರ್ಲಿಂಗ್ ಬಾಲ್ಯದಲ್ಲಿ ಕಲಿತು ನಿಲ್ಲಿಸುವ ಹಕ್ಕಿಯಲ್ಲ, ದೊಡ್ಡದಾದ ಮೇಲೂ ವರ್ಷ ವರ್ಷ ಹೊಸ ತುಣುಕು ಸೇರಿಸಿಕೊಳ್ಳುತ್ತದೆ. ವಸಂತಕ್ಕೆ ಬೇಕಾದದ್ದನ್ನು ಶರತ್ತಿನಲ್ಲಿ ರೂಢಿ ಮಾಡಿಕೊಳ್ಳುತ್ತಿದೆ. ಇರಬಹುದು, ಬಹುಶಃ ಇದೆ ಕೂಡ. ಆದರೆ ಇದು ಮತ್ತೆ ಲಾಭದ ಪ್ರಶ್ನೆಗೆ ಉತ್ತರ. ಆರು ತಿಂಗಳ ಮೇಲೆ ಬರುವ ವಸಂತವನ್ನು ನೆನೆದು ಯಾವ ಹಕ್ಕಿಯೂ ತಾಲೀಮಿಗೆ ಕೂರುವುದಿಲ್ಲ. ಈಗಲೇ ಏನೋ ಸಿಗದ ಹೊರತು ತಾಲೀಮು ನಡೆಯುವುದಿಲ್ಲ. ತಾಲೀಮಿನ ವಾದ ಹಿತದ ವಾದವನ್ನು ಕೆಡವುವುದಿಲ್ಲ. ಅದಕ್ಕೆ ಹಿತದ ವಾದವೇ ಬೇಕು.

2. ಹಾಡಿದ್ದರಿಂದ ಹಿತವಾದದ್ದಲ್ಲ; ಹಿತವಾಗಿದ್ದ ಹಕ್ಕಿ ಹಾಡಿತು. ಹೊಟ್ಟೆ ತುಂಬಿ, ಅಂಜಿಕೆಯಿಲ್ಲದೆ, ಹಿಂಡಿನ ನಡುವೆ ಕೂತ ಹಕ್ಕಿಗೆ ಆಗಲೇ ಹಿತ. ಬಣ್ಣದ ಕೋಣೆಗೆ ಅಂಟಿದ್ದು ಆ ಹಿತ, ಹಾಡು ಅದರ ಗುರುತು ಮಾತ್ರ. ಮೂರರಲ್ಲಿ ಇದೇ ಬಲವಾದ ಆಕ್ಷೇಪ. ಕೋಣೆಯ ಪ್ರಯೋಗವೊಂದರಿಂದಲೇ ಇದನ್ನು ಬಗೆಹರಿಸಲಾಗದು. 2020ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಮೆದುಳಿನ ಮುಂಭಾಗದ ಒಂದು ಸಣ್ಣ ಗಂಟಿನಲ್ಲಿ ಆ ಅಫೀಮುಗುಣದ ರಾಸಾಯನಿಕಗಳನ್ನು ಹಿಡಿಯುವ ಗ್ರಾಹಕಗಳನ್ನು ತಗ್ಗಿಸಿ ನೋಡಿದರು. ಹಿಂಡಿನ ಹಾಡು ಇಳಿಯಿತು, ಅದಕ್ಕೆ ಅಂಟಿದ್ದ ಹಿತವೂ ಹೋಯಿತು. ಹಾಡು ಮತ್ತು ಹಿತ ಒಂದೇ ಬೇರಿನಿಂದ ನೀರು ಕುಡಿಯುತ್ತಿವೆ ಎಂದು ಇದರಿಂದ ಧೈರ್ಯವಾಗಿ ಹೇಳಬಹುದು. ಮೊದಲು ಯಾವುದು ಎಂಬ ಜಗಳ ಉಳಿದರೂ ಉಳಿಯಲಿ. ಹಿತವಾದಾಗ ಹಾಡುತ್ತದೆ ಎಂದರೂ, ಹಾಡಿ ಹಿತಪಡುತ್ತದೆ ಎಂದರೂ, 'ಖುಷಿಗೂ ಹಾಡಿಗೂ ಸಂಬಂಧವಿಲ್ಲ' ಎಂಬ ತಿದ್ದುಪಡಿ ಮಾತ್ರ ನಿಲ್ಲುವುದಿಲ್ಲ.

3. ರಾಸಾಯನಿಕ ಬೇರೆ, ಅನುಭವ ಬೇರೆ. ಮೆದುಳಿನಲ್ಲಿ ಗ್ರಾಹಕಗಳು ಕೆಲಸ ಮಾಡಿದವು ಎಂದ ಮಾತ್ರಕ್ಕೆ ಹಕ್ಕಿಗೆ ಆನಂದವಾಯಿತು ಎನ್ನಲು ಯಾವ ಆಧಾರ? ಒಪ್ಪಿದೆ. ಸ್ಟಾರ್ಲಿಂಗ್ ಒಳಗಿನಿಂದ ಹೇಗಿರುತ್ತದೆ ಎಂದು ಯಾರೂ ನೋಡಿ ಬಂದಿಲ್ಲ. ಆದರೆ ಇಲ್ಲಿ ರುಜುವಾತಿನ ಹೊರೆ ಯಾರ ಮೇಲಿದೆ ಎಂದು ಗಮನಿಸಿ. ನಾನು ಹೇಳುತ್ತಿರುವುದು, ಕೆಲವು ಹಾಡು ಹಾಡುವುದಕ್ಕಾಗಿಯೇ ನಡೆಯುತ್ತದೆ, ಅದರ ಪ್ರತಿಫಲ ಅದರಲ್ಲೇ ಇದೆ ಎಂದು. ಇದು ಅಳೆಯಬಹುದಾದ ಮಾತು, ಅಳೆದದ್ದೂ ಆಗಿದೆ. ಸಿದ್ಧ ಉತ್ತರದವರು ಹೇಳುವುದು, ಹಕ್ಕಿಗೆ ಖುಷಿ ಇಲ್ಲವೇ ಇಲ್ಲ ಎಂದು. ಅನುಭವದ ಬಗ್ಗೆ ಏನೂ ಹೇಳಲಾಗದು ಎಂದಾದರೆ, ಇಲ್ಲವೆಂದೂ ಹೇಳಲಾಗದು. ಸಂಶಯವಾದ ಎರಡೂ ಕಡೆ ಕೊಯ್ಯಬೇಕು.

ಸಿದ್ಧ ಉತ್ತರದೊಳಗೆ ಇನ್ನೊಂದು ಎಳೆ ಅಡಗಿದೆ, ಅದನ್ನೂ ಬಿಡಿಸಬೇಕು: ಹೆಣ್ಣು ಒಳ್ಳೆಯ ಹಾಡನ್ನು ಆರಿಸುವುದು ಒಳ್ಳೆಯ ಗಂಡನ್ನು ಆರಿಸಲು, ಏಕೆಂದರೆ ಹಾಡು ಸುಳ್ಳು ಹೇಳುವುದಿಲ್ಲ. ಇದಕ್ಕೂ ಆಧಾರವುಂಟು. ಮರಿಯಿದ್ದಾಗ ಆಹಾರದ ಅನಿಶ್ಚಿತತೆಯಲ್ಲಿ ಬೆಳೆದ ಸ್ಟಾರ್ಲಿಂಗ್ ಗಂಡುಗಳು ಆಮೇಲೆ ಕಡಿಮೆ ಹಾಡುತ್ತವೆ ಎಂದು ಕ್ಯಾಥರಿನ್ ಬುಕಾನನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಅಂದರೆ ಬಾಲ್ಯದ ಕಷ್ಟ ಹಾಡಿನಲ್ಲಿ ಗೊತ್ತಾಗುತ್ತದೆ. ಆದರೆ ಅದೇ ಬುಕಾನನ್ ಪಾಲ್ಗೊಂಡು, ಶಾಯ್ ಮಾರ್ಕ್‌ಮನ್ ಮುಂದಾಳತ್ವದಲ್ಲಿ 2008ರಲ್ಲಿ ಹೊರಬಂದ ಅಧ್ಯಯನ ಕಥೆಯನ್ನು ತಿರುಗುಮುರುಗು ಮಾಡುತ್ತದೆ. ಬ್ರಿಟನ್ನಿನ ಚರಂಡಿ ನೀರು ಶುದ್ಧೀಕರಣ ಘಟಕಗಳಲ್ಲಿ, ಕೊಳಚೆಯನ್ನು ಸೋಸುವ ಕಲ್ಲುಹಾಸಿನ ಮೇಲೆ ಹುಳಗಳು ಹೇರಳ. ಸ್ಟಾರ್ಲಿಂಗ್‌ಗಳು ಅಲ್ಲಿ ಮುಗಿಬಿದ್ದು ಮೇಯುತ್ತವೆ. ಆ ಹುಳಗಳೊಳಗೆ ಈಸ್ಟ್ರೊಜೆನ್ನು, ಅದರಂತೆ ವರ್ತಿಸುವ ಪ್ಲಾಸ್ಟಿಕ್ಕಿನ ರಾಸಾಯನಿಕಗಳು. ಹುಳಗಳಲ್ಲಿ ಕಂಡಷ್ಟೇ ಪ್ರಮಾಣವನ್ನು ಸಾಕಿದ ಹಕ್ಕಿಗಳಿಗೆ ತಿನ್ನಿಸಿದಾಗ ಗಂಡುಗಳ ಹಾಡು ಉದ್ದವಾಯಿತು, ಹೆಚ್ಚು ಸಂಕೀರ್ಣವಾಯಿತು. ಮೆದುಳಿನ ಹಾಡಿನ ಕೇಂದ್ರ ದೊಡ್ಡದಾಯಿತು. ಹೆಣ್ಣುಗಳು ಇವರ ಹಾಡನ್ನೇ ಹೆಚ್ಚು ಮೆಚ್ಚಿದವು. ಆದರೆ ಆ ಗಂಡುಗಳ ರೋಗನಿರೋಧಕ ಶಕ್ತಿ ಕುಸಿದಿತ್ತು. ಚರಂಡಿ ಹುಳ ತಿಂದು ಕಾಯಿಲೆಗೆ ಹತ್ತಿರವಾದವನು ಊರಿಗೆ ಒಳ್ಳೆಯ ಹಾಡುಗಾರನಾದ. ಹಾಡು ಗಂಡಿನ ಯೋಗ್ಯತಾಪತ್ರ ಎಂಬುದು ಹಳೆಯ ಪರಿಸರದಲ್ಲಿ ಹೆಚ್ಚುಕಡಿಮೆ ನಿಜವಿದ್ದಿರಬಹುದು. ಪರಿಸರ ಬದಲಾದರೆ ಲಾಭ ಕಳಚಿ ಬಿದ್ದು, ಹಾಡಿಸುವ ಯಂತ್ರವೂ ಮೆಚ್ಚುವ ಕಿವಿಯೂ ತಮ್ಮ ಪಾಡಿಗೆ ತಾವು ನಡೆಯುತ್ತಲೇ ಇರುತ್ತವೆ. ಲಾಭ ಮತ್ತು ಹುಕಿ ಎರಡೂ ಒಂದೇ ಆಗಿದ್ದರೆ ಹೀಗೆ ಬೇರ್ಪಡಲು ಸಾಧ್ಯವೇ ಇರಲಿಲ್ಲ.

ಇಲ್ಲಿಯವರೆಗೆ ಬಂದ ಓದುಗರು, ಹಾಗಾದರೆ ಕವಿಗಳೇ ಗೆದ್ದರು ಎಂದುಕೊಂಡರೆ ಅದೂ ಅವಸರ. ಹಕ್ಕಿಗೆ ಹಾಡಿನಲ್ಲಿ ಹಿತವಿದೆ ಎಂಬುದರಿಂದ, ಅದು ನಾವು ಹಾಡುವಂತೆ ಹಾಡುತ್ತದೆ, ನಾವು ಕೇಳುವಂತೆ ಕೇಳುತ್ತದೆ ಎಂದಾಗುವುದಿಲ್ಲ. ಈ ತಪ್ಪಿಗೆ ಮೊಜಾರ್ಟ್‌ನ ಸ್ಟಾರ್ಲಿಂಗ್ ಪ್ರಸಿದ್ಧ ಉದಾಹರಣೆ. 1784ರ ಮೇ 27ರಂದು ವಿಯೆನ್ನಾದಲ್ಲಿ ಆತ 34 ಕ್ರೊಯ್ಟ್ಸರ್ ಕೊಟ್ಟು ಒಂದು ಸ್ಟಾರ್ಲಿಂಗ್ ಕೊಂಡ. ಖರ್ಚಿನ ಪುಸ್ತಕದಲ್ಲಿ ಅದು ಹಾಡುತ್ತಿದ್ದ ಸ್ವರವನ್ನು ಬರೆದಿಟ್ಟು ಮೆಚ್ಚುಗೆಯ ಒಂದು ಮಾತನ್ನೂ ಸೇರಿಸಿದ. ಆ ಸ್ವರ ಅವನದೇ ಜಿ ಮೇಜರ್ ಪಿಯಾನೊ ಕಾನ್ಚೆರ್ಟೊದ ಕೊನೆಯ ಭಾಗದ ಧಾಟಿ. ಹಕ್ಕಿ ಒಂದು ಸ್ವರವನ್ನು ಎಳೆದಿತ್ತು, ಜಿ ಇರಬೇಕಾದ ಕಡೆ ಜಿ ಶಾರ್ಪ್ ಹಾಡಿತ್ತು. ಹಕ್ಕಿಯೇ ಮೊಜಾರ್ಟ್‌ಗೆ ರಾಗ ಕೊಟ್ಟಿತು ಎಂಬ ಸವಿಯಾದ ಕಥೆ ಇದರಿಂದ ಹುಟ್ಟಿತು. ಆದರೆ ಆತ ತನ್ನ ಕೃತಿಗಳ ಪಟ್ಟಿಯಲ್ಲಿ ಆ ಕಾನ್ಚೆರ್ಟೊವನ್ನು ದಾಖಲಿಸಿದ್ದು ಏಪ್ರಿಲ್ 12ರಂದೇ. ಹಕ್ಕಿ ಅವನಿಂದ ಕಲಿತಿರಬೇಕು, ಅಂಗಡಿಗೆ ಮೊದಲೇ ಹೋಗಿ ಅವನು ಸಿಳ್ಳೆ ಹಾಕಿದ್ದನೋ ಏನೋ. ನಿಜವಾಗಿ ಯೋಚಿಸಬೇಕಾದದ್ದು ಆ ಜಿ ಶಾರ್ಪ್ ಬಗ್ಗೆ. ನಮಗೆ ಶ್ರುತಿ ಏರಿಸಿ ಹಾಡಿದರೂ ಇಳಿಸಿ ಹಾಡಿದರೂ ಮೋಹನ ಮೋಹನವೇ. ನಮ್ಮ ಕಿವಿ ಹಿಡಿಯುವುದು ಸ್ವರಗಳ ನಡುವಿನ ಅಂತರವನ್ನು. ಸ್ಟಾರ್ಲಿಂಗ್‌ಗೆ ಒಂದು ಧಾಟಿಯನ್ನು ಗುರುತಿಸಲು ಕಲಿಸಿ, ಅದನ್ನೇ ಸ್ವಲ್ಪ ಮೇಲಿನ ಶ್ರುತಿಗೆ ಸರಿಸಿದರೆ ಅದು ಗುರುತಿಸದೆ ಹೋಗುತ್ತದೆ. ಇದು 1980ರ ದಶಕದಿಂದ ಗೊತ್ತಿದ್ದ ಸಂಗತಿ. 2016ರಲ್ಲಿ ಬ್ರೆಗ್ಮನ್, ಪಟೇಲ್, ಜೆಂಟ್ನರ್ ಮೂವರೂ ಇದಕ್ಕೆ ಕಾರಣ ಹುಡುಕಿದರು: ಸ್ಟಾರ್ಲಿಂಗ್ ಹಿಡಿಯುವುದು ಶ್ರುತಿಯನ್ನೇ ಅಲ್ಲ, ಸದ್ದಿನ ಒಟ್ಟು ಮೈಕಟ್ಟನ್ನು. ಶ್ರುತಿಯನ್ನು ಅಳಿಸಿ ಮೈಕಟ್ಟನ್ನು ಉಳಿಸಿದರೆ ಅದು ಗುರುತಿಸುತ್ತದೆ. ನಾವು ಮಾತಿನಲ್ಲಿ 'ಆ' ಯಾವುದು 'ಈ' ಯಾವುದು ಎಂದು ಬೇರ್ಪಡಿಸುವಾಗ ಕೇಳುವಂತೆ, ಅದು ಹಾಡಿನಲ್ಲಿ ಕೇಳುತ್ತದೆ. ಮೊಜಾರ್ಟ್‌ಗೆ ತಮಾಷೆಯಾಗಿ ಕಂಡ ಅಪಸ್ವರ ಹಕ್ಕಿಗೆ ಅಪಸ್ವರವೇ ಆಗಿರಲಾರದು.

ಅನುಕರಣೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಮೊಜಾರ್ಟ್‌ನ ಹಕ್ಕಿಯ ಕುರಿತು 1990ರಲ್ಲಿ ಬರೆದ ಮೆರೆಡಿತ್ ವೆಸ್ಟ್ ಮತ್ತು ಆಂಡ್ರ್ಯೂ ಕಿಂಗ್ ಕೈಯಾರೆ ಸಾಕಿದ ಸ್ಟಾರ್ಲಿಂಗ್‌ಗಳನ್ನು ಅಭ್ಯಸಿಸಿದ್ದರು. ಮನೆಮಂದಿಯ ಜೊತೆ ಹೆಗಲೇರಿ ಓಡಾಡಿಕೊಂಡು ಬೆಳೆದವು ಅವರ ಮಾತನ್ನು, ಕೆಮ್ಮನ್ನು, ಬಾಗಿಲಿನ ಕಿರುಗುಟ್ಟನ್ನು ಎತ್ತಿಕೊಂಡವು. ಅದೇ ಸದ್ದುಗಳು ಕಿವಿಗೆ ಬೀಳುತ್ತಿದ್ದರೂ ಒಡನಾಟವಿಲ್ಲದೆ ಗೂಡಿನಲ್ಲಿದ್ದವು ಮನುಷ್ಯರ ಮಾತನ್ನು ಕಲಿಯಲಿಲ್ಲ. ತುಣುಕುಗಳ ಸಂಖ್ಯೆ ಹೆಚ್ಚಿಸಿ ಹೆಣ್ಣನ್ನು ಬೆರಗುಗೊಳಿಸುವುದಷ್ಟೇ ಅನುಕರಣೆಯ ಗುರಿಯಾಗಿದ್ದರೆ, ಸದ್ದು ಎಲ್ಲಿಂದ ಬಂದರೇನು? ಯಾರ ಸದ್ದು ಎಂಬುದು ಹಕ್ಕಿಗೆ ಮುಖ್ಯವಾಗುತ್ತದೆ. ಹಾಗೆಂದು ಅದು ನಮ್ಮ ಮಾತನ್ನು ಅರ್ಥಮಾಡಿಕೊಂಡಿತು ಎಂದು ಹಿಗ್ಗಬೇಕಾಗಿಯೂ ಇಲ್ಲ. ಆ ಹಕ್ಕಿಗಳು ವಾಕ್ಯಗಳನ್ನು ಎಲ್ಲೆಂದರಲ್ಲಿ ಕತ್ತರಿಸಿ, ಒಂದರ ತಲೆಗೆ ಇನ್ನೊಂದರ ಬಾಲ ಹಚ್ಚಿ, ನಡುವೆ ಸಿಳ್ಳೆ ಸೇರಿಸಿ ಹಾಡುತ್ತಿದ್ದವು; ಒಂದು ಜನಪ್ರಿಯ ಹಾಡಿನ ಮೊದಲ ಸಾಲನ್ನು ಎಂದೂ ಪೂರ್ತಿ ಮಾಡದೆ ನಡುವೆಯೇ ನಿಲ್ಲಿಸುತ್ತಿದ್ದದ್ದೂ ಒಂದಿತ್ತು.

ಇದೆಲ್ಲ ಬರೀ ಮಾತಿನ ಜಗಳ ಎನ್ನುವವರಿಗೆ, ಸಿದ್ಧ ಉತ್ತರದಿಂದ ಆಗುವ ಒಂದು ನಿಜವಾದ ಹಾನಿಯನ್ನು ತೋರಿಸಬಹುದು. ಹಕ್ಕಿಗಳ ಗಣತಿಯಲ್ಲಿ ಹಾಡು ಕೇಳಿದರೆ ಒಂದು ಗಂಡು ಎಂದು ಬರೆದುಕೊಳ್ಳುವುದು ಹಲವು ಕಡೆ ಪದ್ಧತಿ. ಹೆಣ್ಣು ಹಾಡಿದ್ದು ಗಂಡಿನ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಸೇರಿದ ಲೆಕ್ಕವೇ ಮುಂದೆ 'ಹಾಡುವುದು ಗಂಡು' ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಸ್ಟಾರ್ಲಿಂಗ್‌ನಲ್ಲಿ ಇದನ್ನು ತಪ್ಪಿಸಲು ವಸಂತದಲ್ಲಿ ಒಂದು ಸುಲಭದ ಗುರುತಿದೆ: ಹಳದಿ ಕೊಕ್ಕಿನ ಬುಡ ಗಂಡಿನಲ್ಲಿ ನೀಲಿ ಛಾಯೆ, ಹೆಣ್ಣಿನಲ್ಲಿ ಗುಲಾಬಿ. ಶರತ್ಕಾಲದಲ್ಲಿ, ಅಂದರೆ ಎರಡೂ ಹಿಂಡಿನೊಳಗೆ ಕೂತು ಸುಮ್ಮನೆ ಹಾಡುವ ಕಾಲದಲ್ಲಿ, ಕೊಕ್ಕು ಎರಡಕ್ಕೂ ಕಪ್ಪಾಗಿ ಆ ಗುರುತು ಅಳಿಸಿಹೋಗುತ್ತದೆ. ಆಗ ಉಳಿಯುವುದು ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಮಾತ್ರ: ಗಂಡಿನದು ಒಂದೇ ಸಮ ಕಡುಕಂದು, ಹೆಣ್ಣಿನದರ ಅಂಚಿಗೆ ತೆಳುಬಣ್ಣದ ಒಂದು ಉಂಗುರ. ಅದನ್ನು ಕಾಣಬೇಕಾದರೆ ಒಳ್ಳೆಯ ದುರ್ಬೀನು ಬೇಕು, ಅದಕ್ಕೂ ಮೊದಲು ನೋಡಬೇಕು ಎಂಬ ಯೋಚನೆ ಬರಬೇಕು.